ಕಿತ್ತೋಗಿರೋ ಗ್ಯಾರೇಜ್ ಫ್ಲೋರ್ ಮೇಲೆ ಏನು ಹಾಕೋದು?

ಅಂಗಡಿಗೆ ಹೋಗೋಕೆ ಮುಂಚೆ ಫ್ಲೋರ್ ಯಾಕೆ ಹಾಳಾಗಿದೆ ಅಂತ ನೋಡಿ. ಬಿರುಕಿನ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ರೆ, ಇಲ್ಲಾ ಬಿರುಕು ಅಗಲ ಆಗ್ತಾನೇ ಇದ್ರೆ ಕೆಳಗಡೆ ಮಣ್ಣು ಕುಸೀತಿರಬಹುದು, ಅದನ್ನ ಸರಿಮಾಡದೆ ಮೇಲೆ ಏನು ಹಾಕಿದ್ರೂ ದುಡ್ಡು ದಂಡ.

ಆಮೇಲೆ ತೇವ. 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ, ಎತ್ತಿದಾಗ ಅಡಿಯಲ್ಲಿ ನೀರಿನ ಹನಿ ಇದ್ರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ರೆ ಎಪಾಕ್ಸಿ (ಎರಡು ದ್ರವ ಬೆರೆಸಿ ನೆಲಕ್ಕೆ ಬಳಿಯೋ ಗಟ್ಟಿ ಲೇಪ) ಆಸೆ ಬಿಟ್ಬಿಡಿ, ಗುಳ್ಳೆ ಬಂದು ಸಿಪ್ಪೆ ಥರ ಏಳುತ್ತೆ.

ನೆಲ ಒಣಗಿದ್ರೆ ಎಪಾಕ್ಸಿ ಚೆನ್ನಾಗೇ ಇರುತ್ತೆ, ಆದ್ರೆ ಗುಂಡಿ ತುಂಬಿ, ಎಣ್ಣೆ ಕಲೆ ತೆಗೆದು, ಮಷಿನ್‌ನಲ್ಲಿ ಉಜ್ಜಿ ತರಿತರಿ ಮಾಡಿರ್ಬೇಕು. ನೀರು ಚಿಮುಕಿಸಿ ನೋಡಿ: ಹೀರ್ಕೊಂಡ್ರೆ ಸರಿ, ಮುತ್ತಿನ ಥರ ನಿಂತ್ರೆ ಹಳೇ ಸೀಲರ್ರೋ (ನೀರು ಇಳೀದಿರಲಿ ಅಂತ ಬಳಿದ ಲೇಪ) ಎಣ್ಣೆನೋ ಇನ್ನೂ ಇದೆ ಅಂತ. ಎಪಾಕ್ಸಿ ಬಿಸಿ ಟೈರ್‌ಗೆ ಅಂಟ್ಕೊಂಡು ಕಿತ್ತು ಬರೋದು ಹೆಚ್ಚಾಗಿ ಈ ತಯಾರಿ ಸರಿಯಾಗದೇ ಇದ್ದಾಗ್ಲೇ. ಬಿಸಿಲು ಬೀಳೋ ಜಾಗದಲ್ಲಿ ಎಪಾಕ್ಸಿ ಹಳದಿ ಆಗುತ್ತೆ, ಪಾಲಿಆಸ್ಪಾರ್ಟಿಕ್ ಅನ್ನೋ ಇನ್ನೊಂದು ಥರದ ಲೇಪಕ್ಕೆ ಆ ಕಾಟ ಕಮ್ಮಿ, ಆದ್ರೆ ಬೇಗ ಗಟ್ಟಿಯಾಗೋದ್ರಿಂದ ಹೊಸಬರಿಗೆ ಬಳಿಯೋದು ಕಷ್ಟ.

ತುಂಬಾ ಹಾಳಾಗಿರೋ ನೆಲಕ್ಕೆ ನನ್ನ ವೋಟು ಒಂದಕ್ಕೊಂದು ಲಾಕ್ ಆಗೋ ಪ್ಲಾಸ್ಟಿಕ್ ಟೈಲ್ಸ್‌ಗೆ. ಅಂಟು ಬೇಡ, ಒಂದು ಹಾಳಾದ್ರೆ ಅದನ್ನಷ್ಟೇ ಬದಲಾಯಿಸಬಹುದು, ತೂತಿರೋದು ತಗೊಂಡ್ರೆ ತೇವನೂ ಆರುತ್ತೆ (ಕಸ ಅಡೀಗೆ ಹೋಗುತ್ತೆ, ಅದು ಬೇರೆ ಮಾತು). ದೊಡ್ಡ ಗುಂಡಿ ಮಾತ್ರ ಮೊದ್ಲೇ ತುಂಬ್ಸಿ, ಇಲ್ಲಾಂದ್ರೆ ಕಾರ್ ಹತ್ತಿದಾಗ ಟೈಲ್ ಬಿರಿಯುತ್ತೆ.