ಬೆಂಗಳೂರಿನ ಚಳಿಯಲ್ಲಿ ಆಫೀಸಿಗೆ ಸೈಕಲ್: ಸ್ವೆಟರ್ ಬಿಡಿ, ಲೈಟ್ ಹಾಕಿ

ಡಿಸೆಂಬರ್ ಬಂತು ಅಂತ ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡಬೇಡಿ. ನಮ್ಮೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಈಗ ಚಳಿಗಾಲದ ಬೆಳಗಿನ ಜಾವ ಸಾಮಾನ್ಯವಾಗಿ 15ರ ಆಸುಪಾಸು, ಅಷ್ಟೇ. ಪೆಡಲ್ ತುಳಿಯುವವರಿಗೆ ಅದೇನು ಮಹಾ ಚಳಿ? ಕಾಡುವುದು ಬೆವರು ಮತ್ತು ಕತ್ತಲು.

ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಆಗಲೇಬೇಕು. ಗೇಟಿನ ಹತ್ತಿರವೇ ಮೈ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿ ಆಯಿತು ಅಂತ ಅರ್ಥ: ಹತ್ತು ನಿಮಿಷದಲ್ಲಿ ಒಳಗೆಲ್ಲ ಒದ್ದೆ, ಆಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಅದೇ ಬೆವರು ತಣ್ಣಗಾಗಿ ಕೊರೆಯುತ್ತದೆ. ಬೇಗ ಒಣಗುವ ಟೀ ಶರ್ಟ್, ಮೇಲೊಂದು ಜಿಪ್ ಇರುವ ತೆಳು ವಿಂಡ್‌ಚೀಟರ್ ಸಾಕು. ಮನೆಯಲ್ಲಿ ಅಮ್ಮ ಎಷ್ಟೇ ಬೈದರೂ ಉಣ್ಣೆ ಸ್ವೆಟರ್ ಬೇಡ. ಮಂಕಿ ಟೋಪಿಯೂ ಬೇಡ, ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಗ್ಲೌಸ್ ಮಾತ್ರ ಹಾಕಿ, ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ.

ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6:45ರ ಹೊತ್ತಿಗೆ. ಡಿಸೆಂಬರ್ ಆರಂಭದಲ್ಲಿ ಸಂಜೆ ಆರಕ್ಕೆ ಮೊದಲೇ ಮುಳುಗಿರುತ್ತಾನೆ. ಹಾಗಾಗಿ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಬೇಕೇ ಬೇಕು. ಇಂದಿರಾನಗರದಿಂದ ವೈಟ್‌ಫೀಲ್ಡ್ ಕಡೆ ಹೋಗುವವರು ಬೆಳಕಾದ ಮೇಲೂ ಹಿಂದಿನ ಲೈಟ್ ಆರಿಸಬೇಡಿ, ಯಾಕೆಂದರೆ ಎದುರಿನ ಎಳೆಬಿಸಿಲು ನಿಮ್ಮ ಹಿಂದೆ ಬರುವ ಕಾರಿನವರ ಕಣ್ಣಿಗೂ ಹೊಡೆಯುತ್ತಿರುತ್ತದೆ. ಈ ತಿಂಗಳುಗಳಲ್ಲಿ ಗಾಳಿಯೂ ಹೆಚ್ಚಾಗಿ ಪೂರ್ವದಿಂದಲೇ, ಅಂದರೆ ಹೋಗುವಾಗ ಎದುರುಗಾಳಿ, ಸ್ವಲ್ಪ ಬೇಗ ಹೊರಡಿ. ಹೆಬ್ಬಾಳ ದಾಟಿ ಯಲಹಂಕದ ಕಡೆ ಮಂಜು ಕವಿದಿದ್ದರೆ ಮುಂದಿನ ಲೈಟನ್ನು ನೆಲದ ಕಡೆ ಬಾಗಿಸಿ. ನೇರ ಹಾಯಿಸಿದರೆ ಬೆಳಕೆಲ್ಲ ಮಂಜಿಗೆ ಬಡಿದು ವಾಪಸ್ ನಿಮ್ಮ ಕಣ್ಣಿಗೇ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಇಲ್ಲಿ ಎರಡು ಮೂರು ದಿನ ಜಿಟಿಜಿಟಿ ಮಳೆ, ಗೊತ್ತಲ್ವಾ? ಆಗ ಮೆಟ್ರೋ ಕಾಮಗಾರಿಯ ಕಬ್ಬಿಣದ ತಗಡು, ಮ್ಯಾನ್‌ಹೋಲ್ ಮುಚ್ಚಳ, ರಸ್ತೆಗೆ ಬಳಿದ ಬಿಳಿ ಪಟ್ಟಿ ಎಲ್ಲವೂ ಜಾರುತ್ತವೆ. ಅವುಗಳ ಮೇಲೆ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ, ನೇರ ದಾಟಿ. ನೀರು ನಿಂತ ಕಡೆ ಸುಮ್ನೆ ನುಗ್ಗಬೇಡಿ, ಒಳಗೆ ಗುಂಡಿ ಇರಬಹುದು. ಮನೆಗೆ ಬಂದ ಮೇಲೆ ಚೈನ್ ಒರೆಸಿ ಎಣ್ಣೆ ಬಿಡಿ.

ಬರುವಾಗ ಅವರೆಕಾಯಿ ಕೊಂಡರೆ ಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ, ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಕ್ಯಾರಿಯರ್‌ಗೆ ಕಟ್ಟಿ, ಹಿಂದಿನ ಲೈಟ್ ಮುಚ್ಚಿಹೋಗದ ಹಾಗೆ.