ಮೆಜೆಸ್ಟಿಕ್ ಸುತ್ತ ಒಬ್ಬರೇ ರೂಮ್ ಮಾಡುವವರಿಗೆ

ಬೆಂಗಳೂರಿಗೆ ಒಂದೆರಡು ದಿನದ ಕೆಲಸಕ್ಕೆ ಒಬ್ಬರೇ ಬರುವವರು ಬಹಳ. ಕೋರ್ಟು, ಸಂದರ್ಶನ, ಪರೀಕ್ಷೆ, ಆಸ್ಪತ್ರೆ, ಸರ್ಕಾರಿ ಕಚೇರಿ ಎಂದು ಹತ್ತಾರು ಕಾರಣ. ಬಸ್ಸಿಳಿದ ಕೂಡಲೇ ಎದುರಿಗೆ ಕಂಡ ಲಾಡ್ಜ್‌ಗೆ ಹೋಗಿ ದುಡ್ಡು ಕೊಟ್ಟು, ಆಮೇಲೆ ರೂಮ್ ನೋಡಿ ಬೇಜಾರಾಗುವವರೂ ಅಷ್ಟೇ ಬಹಳ. ಸಾವಿರ ರೂಪಾಯಿ ಆಚೀಚೆಯ ಬಾಡಿಗೆಯಲ್ಲಿ ಶುಚಿಯಾದ, ಭದ್ರವಾದ ರೂಮ್ ಸಿಗುವುದಿಲ್ಲ ಎಂಬುದು ಸುಳ್ಳು. ಸಿಗುತ್ತದೆ. ಆದರೆ ದುಡ್ಡು ಕೊಡುವುದಕ್ಕೆ ಮೊದಲು ಕೇಳಬೇಕಾದ್ದನ್ನು ಕೇಳಿರಬೇಕು, ನೋಡಬೇಕಾದ್ದನ್ನು ನೋಡಿರಬೇಕು. ಒಬ್ಬರೇ ಇರುವಾಗ ಸಾಮಾನು ಕಾಯಲು, ಇನ್ನೊಂದು ಲಾಡ್ಜ್ ವಿಚಾರಿಸಿಕೊಂಡು ಬರಲು ಜೊತೆಗಾರರು ಇರುವುದಿಲ್ಲವಲ್ಲ, ಅದಕ್ಕೇ ಅರ್ಧ ಕೆಲಸವನ್ನು ಊರಲ್ಲಿದ್ದಾಗಲೇ ಮುಗಿಸಿಕೊಂಡು ಬರುವುದು ಒಳ್ಳೆಯದು.

ಮೆಜೆಸ್ಟಿಕ್ಕೇ ಬೇಕೇ?

ಎಲ್ಲರಿಗೂ ಬೇಕಿಲ್ಲ. ಕೆಲಸ ಎಲ್ಲಿದೆ, ವಾಪಸ್ ಹೊರಡುವುದು ಎಲ್ಲಿಂದ ಎಂಬ ಎರಡನ್ನು ಮೊದಲು ನೋಡಿ. ವಿಧಾನಸೌಧ, ಹೈಕೋರ್ಟ್ ಕಡೆ ಕೆಲಸವಿದ್ದರೆ ಮೆಜೆಸ್ಟಿಕ್ ಸರಿಯಾದ ಜಾಗ. ನೇರಳೆ ಮೆಟ್ರೋ ಹತ್ತಿದರೆ ಎರಡನೇ ನಿಲ್ದಾಣವೇ ವಿಧಾನಸೌಧ. ಜಯದೇವ ಆಸ್ಪತ್ರೆಗಾದರೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆವರೆಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಿಕೊಂಡರೆ ಆಸ್ಪತ್ರೆಯ ಹೆಸರಿನದೇ ನಿಲ್ದಾಣವಿದೆ. ಆದರೆ ಬೆಳಗಿನ ಜಾವವೇ ಹೋಗಿ ಚೀಟಿಗೆ ಸಾಲು ನಿಲ್ಲಬೇಕಾದ ನಿಮ್ಹಾನ್ಸ್, ಕಿದ್ವಾಯಿಯಂಥ ಕಡೆ ಮೆಜೆಸ್ಟಿಕ್‌ನ ರೂಮ್ ಉಳಿತಾಯವಲ್ಲ. ಅಂಥವರು ಆಸ್ಪತ್ರೆಯ ಆಸುಪಾಸಿನಲ್ಲೇ ನೋಡಬೇಕು.

ವಾಪಸ್ ರೈಲಿನ ಟಿಕೆಟ್ ತೆಗೆದು ನಿಲ್ದಾಣದ ಹೆಸರನ್ನು ಸರಿಯಾಗಿ ಓದಿ. ಬೆಂಗಳೂರು ಎಂದಿದ್ದರೆ ಸಾಲದು. ಕೆಎಸ್‌ಆರ್ ಬೆಂಗಳೂರು ಎಂದಿದ್ದರೆ ಅದು ಮೆಜೆಸ್ಟಿಕ್ ಎದುರಿನದು. ಎಸ್‌ಎಂವಿಟಿ ಎಂದಿದ್ದರೆ ಬೈಯಪ್ಪನಹಳ್ಳಿ ಕಡೆಯದು, ಊರಿನ ಇನ್ನೊಂದು ಮೂಲೆ. ಯಶವಂತಪುರ ಮತ್ತೊಂದು. ನಸುಕಿನ ರೈಲು ಎಸ್‌ಎಂವಿಟಿಯಿಂದ ಇದ್ದು ಮೆಜೆಸ್ಟಿಕ್‌ನಲ್ಲಿ ಮಲಗಿದರೆ, ರಾತ್ರಿ ದರದ ಆಟೋಗೆ ಕೊಡುವ ದುಡ್ಡು ಬಾಡಿಗೆಯಲ್ಲಿ ಉಳಿಸಿದ್ದನ್ನು ನುಂಗಿಹಾಕುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮೀಟರ್ ಮೇಲೆ ಅರ್ಧದಷ್ಟು ಹೆಚ್ಚು. ಬಸ್ಸಿನಲ್ಲೂ ಇದೇ ಮಾತು: ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುವ ಬಸ್ಸಿಗೆ ಮೆಜೆಸ್ಟಿಕ್‌ನಲ್ಲಿ ಕಾದರೆ ಪ್ರಯೋಜನವಿಲ್ಲ.

ಮೆಜೆಸ್ಟಿಕ್ ಎಂದು ನಿರ್ಧಾರವಾದ ಮೇಲೂ ಬೀದಿ ಮುಖ್ಯ. ಬಸ್ ನಿಲ್ದಾಣದ ಪೂರ್ವಕ್ಕಿರುವ ಗಾಂಧಿನಗರದಲ್ಲಿ ಲಾಡ್ಜ್‌ಗಳು ಒತ್ತೊತ್ತಾಗಿವೆ. ಸುಬೇದಾರ್ ಛತ್ರಂ ರಸ್ತೆ, ಆನಂದರಾವ್ ವೃತ್ತದ ಕಡೆಯೂ ಇವೆ. ರಾತ್ರಿಯ ಖಾಸಗಿ ಬಸ್ಸು ಹಿಡಿಯುವವರಿಗೆ ಆನಂದರಾವ್ ವೃತ್ತದ ಕಡೆ ಅನುಕೂಲ. ಫೋಟೋ ಎಷ್ಟೇ ಚೆನ್ನಾಗಿರಲಿ, ಮ್ಯಾಪ್ ತೆರೆದು ಲಾಡ್ಜ್ ಮುಖ್ಯರಸ್ತೆಯಲ್ಲಿದೆಯೋ ಓಣಿಯ ಒಳಗಿದೆಯೋ ನೋಡಿ. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಬ್ಯಾಗ್ ಹೊತ್ತು ನಡೆಯಬೇಕಾದ ದಾರಿ ಅದು. ನೂರು ರೂಪಾಯಿ ಹೆಚ್ಚಾದರೂ ಅಂಗಡಿ ಬಾಗಿಲು ತಡವಾಗಿ ಹಾಕುವ, ದೀಪವಿರುವ ರಸ್ತೆಯೇ ಇರಲಿ ಎಂಬುದು ನಮ್ಮ ಖಡಾಖಂಡಿತ ಸಲಹೆ.

ಇಪ್ಪತ್ನಾಲ್ಕು ಗಂಟೆಯ ಲೆಕ್ಕ

ಹೊಸಬರು ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಲಾಡ್ಜ್‌ಗಳಲ್ಲಿ ಎರಡು ಪದ್ಧತಿ ಇವೆ. ಒಂದು, ನೀವು ಕಾಲಿಟ್ಟ ಗಳಿಗೆಯಿಂದ 24 ಗಂಟೆ. ಇನ್ನೊಂದು, ಯಾವಾಗ ಬಂದರೂ ಮಧ್ಯಾಹ್ನ 12ಕ್ಕೋ, ಬೆಳಿಗ್ಗೆ 11ಕ್ಕೋ ದಿನ ಮುಗಿಯುವುದು. ರಾತ್ರಿ ಬಸ್ಸು ನಿಮ್ಮನ್ನು ಬೆಳಿಗ್ಗೆ 5ಕ್ಕೆ ಇಳಿಸಿತು ಅನ್ನಿ. 24 ಗಂಟೆ ಪದ್ಧತಿಯ ಲಾಡ್ಜ್‌ನಲ್ಲಿ ಮರುದಿನ 5ರವರೆಗೆ ಒಂದೇ ದಿನದ ಬಾಡಿಗೆ. 12 ಗಂಟೆ ಪದ್ಧತಿಯಲ್ಲಿ ಅವತ್ತೇ ಮಧ್ಯಾಹ್ನಕ್ಕೆ ಒಂದು ದಿನ ಮುಗಿದುಹೋಗುತ್ತದೆ. ಏಳೇ ಗಂಟೆಗೆ ಪೂರ್ತಿ ಬಾಡಿಗೆ, ರಾತ್ರಿ ಉಳಿಯಲು ಇನ್ನೊಂದು ದಿನದ್ದು. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಸಾಮಾನ್ಯವಾಗಿ ಈ ಎರಡನೆಯದೇ. ಮಧ್ಯಾಹ್ನ 12ರ ನಂತರವೇ ಒಳಗೆ ಬಿಡುವುದು ಎಂದಿರುತ್ತದೆ. ಬೆಳಿಗ್ಗೆ 5ಕ್ಕೆ ಬರುವವರು ಅದನ್ನು ಓದದೆ ಬುಕ್ ಮಾಡಿ, ರಿಸೆಪ್ಷನ್ ಕುರ್ಚಿಯಲ್ಲಿ ತೂಕಡಿಸುತ್ತಾ ಕೂರುತ್ತಾರೆ.

ಆದ್ದರಿಂದ ಫೋನ್‌ನಲ್ಲಿ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ. "ಇಪ್ಪತ್ನಾಲ್ಕು ಗಂಟೆ ಚೆಕ್‌ಔಟಾ, ಹನ್ನೆರಡು ಗಂಟೇದಾ?" ಅದಾದ ಮೇಲೆ: "ಸಿಂಗಲ್‌ಗೆ ಎಷ್ಟು? ಜಿಎಸ್‌ಟಿ ಸೇರಿ ಹೇಳಿ. ಡಬಲ್ ರೂಮನ್ನೇ ಒಬ್ಬರಿಗೆ ಕೊಟ್ರೆ ಎಷ್ಟು? ಬಿಸಿನೀರು ಎಷ್ಟು ಗಂಟೆವರೆಗೆ? ಅಡ್ವಾನ್ಸ್ ಎಷ್ಟು?" ಸಿಂಗಲ್ ಎಂದರೆ ಹಲವು ಕಡೆ ಕಿಟಕಿಯೇ ಇಲ್ಲದ, ಮಂಚ ಹಿಡಿದರೆ ಸಾಕೆನ್ನುವಂಥ ಕೋಣೆ. ಡಬಲ್‌ಗೆ ನೂರಿನ್ನೂರು ಮಾತ್ರ ಹೆಚ್ಚಿದ್ದರೆ ಡಬಲ್ಲೇ ಮೇಲು.

ಸ್ನಾನ ಮಾಡಿ ಬಟ್ಟೆ ಬದಲಿಸಿ ಸಂಜೆಗೇ ಹೊರಡುವವರಿಗೆ ಪೂರ್ತಿ ದಿನದ ರೂಮ್ ಬೇಕಿಲ್ಲ. "ಫ್ರೆಶ್ ಅಪ್‌ಗೆ ಕೊಡ್ತೀರಾ?" ಎಂದು ಕೇಳಿದರೆ ಎರಡು-ಮೂರು ಗಂಟೆಗೆ ಕಡಿಮೆ ದುಡ್ಡಿನಲ್ಲಿ ಕೊಡುವ ಲಾಡ್ಜ್‌ಗಳಿವೆ. ರೈಲಿನಲ್ಲಿ ಬರುವವರು ಐಆರ್‌ಸಿಟಿಸಿ ಮೂಲಕ ಕೆಎಸ್‌ಆರ್ ನಿಲ್ದಾಣದ ರಿಟೈರಿಂಗ್ ರೂಮ್, ಅಂದರೆ ಪ್ರಯಾಣಿಕರಿಗೆ ನಿಲ್ದಾಣದಲ್ಲೇ ಬಾಡಿಗೆಗೆ ಸಿಗುವ ಕೋಣೆ, ನೋಡಬಹುದು. ಅದಕ್ಕೆ ಖಚಿತವಾದ ಅಥವಾ ಆರ್‌ಎಸಿ ಟಿಕೆಟ್‌ನ ಪಿಎನ್‌ಆರ್ ಬೇಕು. ಬೇಗ ತುಂಬಿಹೋಗುತ್ತವೆ, ಹಾಗಾಗಿ ಟಿಕೆಟ್ ಮಾಡಿಸಿದ ದಿನವೇ ಪ್ರಯತ್ನಿಸಿ. ಸಾಮಾನಿಡಲು ಕ್ಲೋಕ್ ರೂಮ್ ಬಳಸುವುದಾದರೆ ಬ್ಯಾಗಿಗೆ ಬೀಗ ಹಾಕಿರಲೇಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ಆ್ಯಪ್ ಬುಕಿಂಗ್

ಆ್ಯಪ್‌ನಲ್ಲಿ ಮಾಡಿದ ಬುಕಿಂಗ್ ಲಾಡ್ಜ್‌ಗೆ ತಲುಪಿದೆ ಎಂದುಕೊಳ್ಳಬೇಡಿ. ಹೊರಡುವ ಮುಂಚೆ ಕೌಂಟರಿಗೇ ಫೋನ್ ಮಾಡಿ ಬುಕಿಂಗ್ ನಂಬರ್ ಓದಿ ಹೇಳಿ, ಅವರ ಹತ್ತಿರವೂ ಬಂದಿದೆಯೇ ಕೇಳಿ. ಮದುವೆ ಮುಹೂರ್ತಗಳ ದಿನ, ದೊಡ್ಡ ಪರೀಕ್ಷೆಗಳ ಹಿಂದಿನ ದಿನ ನೇರವಾಗಿ ಬರುವ ಗಿರಾಕಿ ಹೆಚ್ಚು ಕೊಡುತ್ತಾನೆ. ಆಗ "ರೂಮ್ ಫುಲ್, ನೀವೇ ಕ್ಯಾನ್ಸಲ್ ಮಾಡ್ಕೊಳ್ಳಿ" ಎಂಬ ಮಾತು ಬರುತ್ತದೆ. ದಯವಿಟ್ಟು ನೀವಾಗಿ ಕ್ಯಾನ್ಸಲ್ ಒತ್ತಬೇಡಿ. ಒತ್ತಿದರೆ ತಪ್ಪು ನಿಮ್ಮದೆಂದಾಗಿ ಕಟ್ಟಿದ ದುಡ್ಡು ಪೂರ್ತಿಯೋ ಅರ್ಧವೋ ಹೋಗಬಹುದು. ಕೌಂಟರಿನಲ್ಲಿ ನಿಂತೇ ಆ್ಯಪ್ ಒಳಗಿನ ಸಹಾಯ ವಿಭಾಗಕ್ಕೆ ದೂರು ಹಾಕಿ, ಲಾಡ್ಜ್ ರೂಮ್ ಕೊಡಲಿಲ್ಲ ಎಂದು ಬರೆಸಿ. ಇದಕ್ಕಾಗಿಯೇ ಹೊಸ ಲಾಡ್ಜ್‌ಗೆ ಮುಂಗಡ ಕಟ್ಟುವ ಬದಲು, ಹೋಗಿ ಕೊಡುವ ಆಯ್ಕೆ ಇದ್ದರೆ ಅದನ್ನೇ ಒತ್ತುವುದು ಲೇಸು.

ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡುವುದು ಅಪಾಯ. ರೀಫಂಡ್ ಕೊಡುತ್ತೇವೆ, ಯುಪಿಐ ಪಿನ್ ಹಾಕಿ ಎಂದರೆ ಅದು ಮೋಸ. ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಸಿಕ್ಕಿಬಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬುಕ್ ಮಾಡುವಾಗ ನಿಯಮಗಳಲ್ಲಿ ಎರಡು ಸಾಲು ಹುಡುಕಿ. ಲೋಕಲ್ ಐಡಿ ಒಪ್ಪುತ್ತಾರೆಯೇ ಎಂಬುದು ಮೊದಲನೆಯದು. ಆಧಾರ್‌ನಲ್ಲಿ ಬೆಂಗಳೂರು ವಿಳಾಸವಿದ್ದರೆ ರೂಮ್ ಕೊಡದ ಲಾಡ್ಜ್‌ಗಳು ಇವೆ. ಎರಡನೆಯದು, ಒಬ್ಬರೇ ಬರುವ ಹೆಣ್ಣುಮಕ್ಕಳಿಗೆ ಕೊಡುತ್ತಾರೆಯೇ. "ಸಿಂಗಲ್ ಲೇಡೀಸ್‌ಗೆ ಕೊಡಲ್ಲ" ಎನ್ನುವ ಕೆಟ್ಟ ರೂಢಿ ಹಳೆಯ ಲಾಡ್ಜ್‌ಗಳಲ್ಲಿ ಇನ್ನೂ ಇದೆ. ರಾತ್ರಿ ಬಾಗಿಲಲ್ಲಿ ಕೇಳಿಸಿಕೊಳ್ಳುವುದಕ್ಕಿಂತ ಹಗಲೇ ಫೋನ್‌ನಲ್ಲಿ ಕೇಳಿ ತಿಳಿದುಕೊಳ್ಳಿ. ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ತಲುಪುವಂತೆ ಬಸ್ಸು ನೋಡಿಕೊಂಡರೆ, ರೂಮ್ ಹಿಡಿಸದಿದ್ದರೂ ಬೇರೆ ಕಡೆ ಹೋಗಲು ಹೊತ್ತಿರುತ್ತದೆ.

ಬಸ್ಸಿಳಿದಾಗ "ರೂಮ್ ಬೇಕಾ ಸಾರ್" ಎಂದು ಹಿಂದೆ ಬೀಳುವವರ ಜೊತೆ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಾಡಿಗೆಗೇ ಸೇರುತ್ತದೆ. "ಆ ಲಾಡ್ಜ್ ಮುಚ್ಚಿದೆ" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಂತು ಕೌಂಟರಿಗೆ ಫೋನ್ ಮಾಡಿದರೆ ಗೊತ್ತಾಗುತ್ತದೆ.

ದುಡ್ಡು ಕೊಡುವ ಮುಂಚೆ ಐದು ನಿಮಿಷ

"ರೂಮ್ ತೋರಿಸಿ, ನೋಡಿ ಹೇಳ್ತೀನಿ" ಎನ್ನಿ. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ತೋರಿಸುವುದಿಲ್ಲ ಎನ್ನುವ ಕಡೆ ಉಳಿಯಬೇಡಿ.

ಒಳಗೆ ಹೋದ ಕೂಡಲೇ ದೀಪ ಹಾಕಿ ಬಾಗಿಲ ಚಿಲಕ ನೋಡಿ. ಒಳಗಿನಿಂದ ಪೂರ್ತಿ ಕೂರುತ್ತದೆಯೇ, ಅದರ ಸ್ಕ್ರೂಗಳು ಮರಕ್ಕೆ ಗಟ್ಟಿಯಾಗಿವೆಯೇ? ಕಾರ್ಡಿನ ಬಾಗಿಲಿದ್ದರೂ ಒಳಗೊಂದು ಚಿಲಕ ಇರಲೇಬೇಕು, ಏಕೆಂದರೆ ಆ ಬಾಗಿಲಿನ ಇನ್ನೊಂದು ಕಾರ್ಡು ಕೌಂಟರಿನಲ್ಲಿರುತ್ತದೆ. ಹಳೆಯ ಲಾಡ್ಜ್‌ಗಳಲ್ಲಿ ಹೊರಗೆ ಕೊಂಡಿ ಹಾಕಿ ಬೀಗ ಜಡಿಯುವ ಪದ್ಧತಿ. ಅಂಥಲ್ಲಿ ನಿಮ್ಮದೇ ಸಣ್ಣ ಬೀಗ ತಂದಿದ್ದರೆ ಹೊರಗೆ ಹೋಗುವಾಗ ಅದನ್ನೇ ಹಾಕಿ, ಕೌಂಟರಿಗೆ ಹೇಳಿ ಹೋಗಿ.

ಮುಂದೆ ಹಾಸಿಗೆ. ಬೆಡ್‌ಶೀಟಿನ ಮೂಲೆ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಪೆನ್ನಿನ ತುದಿಯಷ್ಟು ಕಪ್ಪು ಚುಕ್ಕೆಗಳ ಸಾಲು, ಒಣಗಿದ ರಕ್ತದ ಕಲೆ, ತೆಳುವಾದ ಕಂದು ಸಿಪ್ಪೆ ಕಂಡರೆ ತಿಗಣೆ ಇದೆ. ತಲೆದೆಸೆಯ ಹಲಗೆ ಗೋಡೆಗೆ ಅಂಟುವ ಸಂದಿಯನ್ನೂ ನೋಡಿ, ಅವು ಅಡಗುವುದು ಅಲ್ಲೇ. ಶೀಟ್ ಬದಲಿಸಿದರೆ ತಿಗಣೆ ಹೋಗುವುದಿಲ್ಲ. ಪಕ್ಕದ ರೂಮಿಗೂ ಗೋಡೆಯ ಸಂದಿಯಲ್ಲಿ ಹರಿದಾಡುತ್ತವೆ, ಆದ್ದರಿಂದ ಲಾಡ್ಜನ್ನೇ ಬದಲಿಸಿ. ನೋಡಿ ಮುಗಿಯುವವರೆಗೆ ಬ್ಯಾಗನ್ನು ಮಂಚದ ಮೇಲಿಡಬೇಡಿ. ಬ್ಯಾಗಿನ ಹೊಲಿಗೆಯಲ್ಲಿ ಕೂತು ನಿಮ್ಮ ಮನೆಗೇ ಬರುತ್ತವೆ. ಶೀಟ್ ಬರಿಯ ಮಾಸಲಾಗಿದ್ದರೆ "ಬೇರೆ ಶೀಟ್ ಹಾಕಿಸಿ" ಎಂದರೆ ಸಾಕು.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಒಂದು ನಿಮಿಷ ನೀರು ಹರಿಸಿ. ನೀರು ನಿಂತರೆ ಅದು ಹೊರಹೋಗುವ ತೂತು ಕಟ್ಟಿದೆ, ಜಿರಳೆ ಮೇಲೆ ಬರುವುದೂ ಅಲ್ಲಿಂದಲೇ. ಫ್ಲಶ್ ಒತ್ತಿ ನೋಡಿ. ಗೀಸರ್ ಇದ್ದರೆ ಸ್ವಿಚ್ ಹಾಕಿ ದೀಪ ಬರುತ್ತದೆಯೇ ಗಮನಿಸಿ, ಸ್ನಾನಕ್ಕೆ ನಿಲ್ಲುವ ಮೊದಲು ಮಾತ್ರ ಅದನ್ನು ಆರಿಸಲೇಬೇಕು. ಹಳೆಯ ವೈರಿಂಗ್‌ನಲ್ಲಿ ಅರ್ಥಿಂಗ್ ಸರಿ ಇರುತ್ತದೆಂದು ನಂಬಿ ಪ್ರಾಣಕ್ಕೆ ಅಪಾಯ ತಂದುಕೊಳ್ಳಬಾರದು. ಸೋಲಾರ್ ನೀರಾದರೆ ಬೆಳಿಗ್ಗೆ ಬೇಗ ಎದ್ದವರಿಗೇ ಬಿಸಿ, ತಡವಾಗಿ ಹೋದವರಿಗೆ ತಣ್ಣೀರು. ವೆಂಟಿಲೇಟರ್ ಗಾಜು ಒಡೆದಿದ್ದರೆ, ಗೋಡೆಯಲ್ಲಿ ಅನುಮಾನದ ತೂತು ಕಂಡರೆ ಆ ರೂಮ್ ಬೇಡ.

ಕಿಟಕಿ ತೆರೆದು ಎಲ್ಲಿಗೆ ತೆರೆಯುತ್ತದೆ ನೋಡಿ. ಪೈಪುಗಳಿಗೆಂದು ಕಟ್ಟಡದೊಳಗೆ ಬಿಟ್ಟ ಸಂದಿಗೆ (ಡಕ್ಟ್) ತೆರೆದರೆ ರಾತ್ರಿಯಿಡೀ ಪೈಪಿನ ಸದ್ದು, ಕೆಳಗಿನ ಅಡುಗೆಮನೆಯ ಹೊಗೆ. ಮುಖ್ಯರಸ್ತೆಗೆ ತೆರೆದರೆ ನಸುಕಿನಿಂದಲೇ ಬಸ್ಸಿನ ಹಾರ್ನ್. ಹಿಂದಿನ ಬೀದಿಗೆ ತೆರೆಯುವ ಎರಡನೇ ಮಹಡಿಯ ರೂಮ್ ಸಿಕ್ಕರೆ ಅದೇ ಚಿನ್ನ. ತೀರಾ ಮೇಲಿನ ಮಹಡಿ ಬೇಸಿಗೆಯಲ್ಲಿ ಕಾಯುತ್ತದೆ, ಬೆಂಕಿ ಬಿದ್ದರೆ ಇಳಿಯುವುದೂ ಕಷ್ಟ. ರೂಮಿನಿಂದ ಮೆಟ್ಟಿಲು ಎಷ್ಟು ಬಾಗಿಲು ದೂರ ಎಂದು ಎಣಿಸಿಟ್ಟುಕೊಳ್ಳಿ. ಹೊಗೆ ತುಂಬಿದಾಗ ಕಣ್ಣು ಕಾಣದಿದ್ದರೂ ಕೈಗೆ ಸಿಗುವುದು ಆ ಲೆಕ್ಕ.

ರಿಜಿಸ್ಟರು, ಐಡಿ, ಬಿಲ್ಲು

ದೊಡ್ಡ ಪುಸ್ತಕದಲ್ಲಿ ಹೆಸರು, ವಿಳಾಸ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ ಎಂದು ಬರೆಸುತ್ತಾರೆ. ಬಂದ ಸಮಯವನ್ನು ನೀವೇ ಬರೆಯಿರಿ, ರಸೀದಿಯಲ್ಲೂ ಅದೇ ಇದೆಯೇ ನೋಡಿ. ಅರ್ಧ ಗಂಟೆ ಹಿಂದಿನ ಸಮಯ ಬಿದ್ದಿದ್ದರೆ ಹೊರಡುವಾಗ ಜಗಳ ಖಂಡಿತ. ಐಡಿಗೆ ಆಧಾರ್, ಡಿಎಲ್, ವೋಟರ್ ಕಾರ್ಡ್ ಆಗುತ್ತವೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಒಪ್ಪುವುದಿಲ್ಲ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ತಾಣದಿಂದ ಮೊದಲೇ ಇಳಿಸಿಕೊಳ್ಳಿ. ಜೆರಾಕ್ಸ್ ಮೇಲೆ ಅಡ್ಡಲಾಗಿ ತಾರೀಖು ಹಾಕಿ "ಲಾಡ್ಜ್ ರೂಮಿಗೆ ಮಾತ್ರ" ಎಂದು ಬರೆದು ಸಹಿ ಮಾಡಿ. ಮೂಲ ಕಾರ್ಡನ್ನು ಕೌಂಟರಿನಲ್ಲಿ ಬಿಡಬೇಡಿ.

ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5 ಶೇಕಡಾ, ಅದಕ್ಕೆ ಮೊದಲು 12 ಇತ್ತು. ಅಂದರೆ 1000ದ ರೂಮಿಗೆ 1050. ತೆರಿಗೆ ತೆಗೆದುಕೊಂಡ ಮೇಲೆ ಬಿಲ್ಲಿನಲ್ಲಿ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಬೇಕು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಸಂಖ್ಯೆಯೇ ಇಲ್ಲದ ಬಿಳಿ ಚೀಟಿಯಲ್ಲಿ ತೆರಿಗೆ ಹಾಕಿದ್ದರೆ ಕೊಡಬೇಕಿಲ್ಲ. ಆಫೀಸಿಗೆ ಬಿಲ್ ಕೊಡಬೇಕಾದವರು ಇದನ್ನು ಒಳಗೆ ಹೋಗುವಾಗಲೇ ಹೇಳಿಡಿ. ಅಡ್ವಾನ್ಸ್ ಎಷ್ಟು ಕೊಟ್ಟಿರಿ ಎಂಬುದು ರಸೀದಿಯಲ್ಲಿ ಬಾಡಿಗೆಯಿಂದ ಬೇರೆಯಾಗಿ ಕಾಣಬೇಕು.

ರಾತ್ರಿ ಯಾರಾದರೂ ಬಾಗಿಲು ಬಡಿದರೆ ಚಿಲಕ ತೆಗೆಯದೆ ಒಳಗಿನಿಂದಲೇ ಮಾತಾಡಿ, ಕೌಂಟರಿಗೆ ಫೋನ್ ಮಾಡಿ ಕಳುಹಿಸಿದ್ದಾರೆಯೇ ಕೇಳಿ. ಅದಕ್ಕೆಂದೇ ಕೌಂಟರಿನ ನಂಬರ್ ಮೊಬೈಲಿನಲ್ಲಿ ಮೊದಲೇ ಇರಲಿ. ಉತ್ತರ ಸರಿ ಬರದಿದ್ದರೆ 112. ಲಾಡ್ಜ್ ಹೆಸರು, ರೂಮ್ ನಂಬರ್‌ಗಳನ್ನು ಮನೆಯ ಒಬ್ಬರಿಗೆ ಮೆಸೇಜ್ ಮಾಡಿಡಿ.

ಹೊರಡುವ ದಿನ ಅರ್ಧ ಗಂಟೆ ಮೊದಲೇ ಕೌಂಟರಿಗೆ ತಿಳಿಸಿದರೆ ರೂಮ್ ಬಾಯ್ ಬಂದು ನೋಡಿ ಅಡ್ವಾನ್ಸ್ ಬಿಡಿಸುವಷ್ಟರಲ್ಲಿ ಗಡುವು ದಾಟುವುದಿಲ್ಲ. ಮಂಚದ ಕೆಳಗೆ, ಬಾಗಿಲ ಹಿಂದಿನ ಮೊಳೆಗೆ, ಪ್ಲಗ್ ಪಾಯಿಂಟಿಗೆ ಒಮ್ಮೆ ಕಣ್ಣು ಹಾಯಿಸಿ. ಟವೆಲ್ಲೂ ಚಾರ್ಜರೂ ಉಳಿಯುವುದು ಅಲ್ಲೇ. ರಾತ್ರಿಯ ಬಸ್ಸಿದ್ದರೆ ಬ್ಯಾಗನ್ನು ಸಂಜೆವರೆಗೆ ಕೌಂಟರಿನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ, ಹಲವರು ಇಟ್ಟುಕೊಳ್ಳುತ್ತಾರೆ. ದುಡ್ಡು ಮತ್ತು ದಾಖಲೆಗಳನ್ನು ಮಾತ್ರ ಅದರಲ್ಲಿ ಬಿಡದೆ ಜೊತೆಗೇ ಒಯ್ಯಿರಿ.