ಕೊನ್ನಕೋಲ್ (ಬಾಯಲ್ಲಿ ಹೇಳೋ ತಾಳದ ಸೊಲ್ಲು) ಹೇಳಿ ಆಂಬಿಯೆಂಟ್ ಲೂಪ್ ಕತ್ತರಿಸಿದ್ದು: ನನ್ನ ಅನುಭವ

ಲೂಪರಲ್ಲಿ (ನುಡಿಸಿದ್ದನ್ನೇ ಸುತ್ತಿ ಸುತ್ತಿ ಕೇಳಿಸೋ ಪೆಡಲ್) ಪ್ಯಾಡ್, ಅಂದ್ರೆ ಎಳೆದೆಳೆದು ನಿಲ್ಲೋ ಸ್ವರ, ಹಾಕ್ಕೊಂಡು ಕೂತ್ರೆ ಐದೇ ನಿಮಿಷಕ್ಕೆ ನನಗೇ ನಿದ್ದೆ ಬರತ್ತೆ. ಡ್ರಮ್ ಮಷಿನ್ ಸೇರಿಸದೆ ಆ ಲೂಪಿಂದಾನೇ ತಾಳ ಹೊರಡಿಸ್ಬೇಕು ಅಂತ ಹಟ ಹಿಡಿದಿದ್ದೆ, ಮೊದಲು ಟ್ರೆಮೊಲೋನ (ದನಿ ಏರಿಸಿ ಇಳಿಸೋ ಪೆಡಲ್) ಸ್ಕ್ವೇರ್ ವೇವಲ್ಲಿ, ಅಂದ್ರೆ ದನಿ ಥಟ್ಟನೆ ಬಂದು ಥಟ್ಟನೆ ಹೋಗೋ ಹಾಗೆ, ಇಟ್ಟೆ, ಮೃದಂಗ ನುಡಿಸೋ ಗೆಳೆಯ ಕೇಳಿ "ಏನೋ ಇದು, ಟೇಬಲ್ ಫ್ಯಾನ್ ಮುಂದೆ ಆ... ಅಂದಂಗಿದೆ" ಅಂದ. ಆಮೇಲೆ ಕೊನ್ನಕೋಲಿಂದ ಲೂಪ್ ಕತ್ತರಿಸಿದ್ದು ಕೆಲಸ ಮಾಡ್ತು, ಮೊನ್ನೆ ಅವನೇ ಅದರ ವೈರಿಂಗ್ ಹೆಂಗೆ ಅಂತ ಕೇಳ್ದ, ಅದಕ್ಕೇ ಬರೀತಿದೀನಿ.

ಟ್ರೆಮೊಲೋಗೆ ಉಸಿರಾಟ ಇಲ್ಲ, ಒಂದೇ ಸಮ ಕೊಚ್ತಾ ಹೋಗತ್ತೆ. ಆಮೇಲೆ ಸೆಕೆಂಡ್ ಹ್ಯಾಂಡ್ ಸ್ಲೈಸರ್ ಒಂದು (ಮೊದಲೇ ಇಟ್ಟಿರೋ ಪ್ಯಾಟರ್ನಲ್ಲಿ ದನಿ ಕತ್ತರಿಸೋ ಪೆಡಲ್), ಹದಿಮೂರು ಸಾವಿರ ಹತ್ರ ಹತ್ರ. ಪ್ಯಾಟರ್ನ್ ಚೆನ್ನಾಗಿದ್ವು, ಆದ್ರೆ ನನಗೆ ಬೇಕಾಗಿದ್ದು ಏಳೆಣಿಕೆಯ ಮಿಶ್ರಛಾಪು ತಾಳ, ಆ ಸ್ಲೈಸರಲ್ಲಿ ಎಲ್ಲಾ ನಾಲ್ಕರ ಲೆಕ್ಕ. ಎರಡು ಸಾವಿರ ಲಾಸಲ್ಲಿ ಮಾರಿದೆ.

ಕೆಲಸ ಮಾಡಿದ್ದು ಬಾಸ್ ಎನ್ಎಸ್-2, ಹಳೇದು, ಐದೂವರೆ ಸಾವಿರಕ್ಕೆ ಸಿಕ್ತು. ನಾಯ್ಸ್ ತೆಗೆಯೋ ಪೆಡಲ್ಲು, ಅದಕ್ಕೇ ಯಾರೂ ನಂಬಲಿಲ್ಲ. ಒಳಗಿರೋದು ಗೇಟ್, ದನಿ ಜೋರಾದ್ರೆ ತೆಗೆಯತ್ತೆ, ಸಣ್ಣದಾದ್ರೆ ಮುಚ್ಚತ್ತೆ. ಲೂಪರ್ ಔಟ್‌ಪುಟ್ ತಗೊಂಡು ಇದರ ರಿಟರ್ನ್ ಜಾಕ್‌ಗೆ ಕೊಡಿ, ಸೆಂಡ್ ಜಾಕ್ ಖಾಲಿ ಬಿಡಿ. ಇನ್‌ಪುಟ್‌ಗೆ ತಾಳ. ಗೇಟ್ ಕೇಳಿಸ್ಕೊಳ್ಳೋದು ಇನ್‌ಪುಟ್ನ, ತೆಗೆದು ಮುಚ್ಚೋದು ರಿಟರ್ನಲ್ಲಿ ಬಂದಿದ್ನ. ಮೈಕ್ ಹಾಕಿ, ಸಣ್ಣ ಮಿಕ್ಸರಲ್ಲಿ ಲೆವೆಲ್ ಏರಿಸಿ "ತಕಿಟ ತಕಧಿಮಿ" ಅಂದೆ, ನನ್ನ ದನಿ ಸ್ಪೀಕರಲ್ಲಿ ಬರಲೇ ಇಲ್ಲ, ಪ್ಯಾಡ್ ಮಾತ್ರ ಏಳೆಣಿಕೆಲಿ ಕುಣೀತು! ಆವತ್ತು ರಾತ್ರಿ ಪಕ್ಕದ ಮನೆಯವರು ಬೆಲ್ ಮಾಡೋ ತನಕ ನಿಲ್ಲಿಸಲಿಲ್ಲ.

ತ, ಕ, ಟ ಅಂದ್ರೆ ಗೇಟ್ ಚುರುಕಾಗಿ ತೆಗೆಯತ್ತೆ. "ಧಿಮಿ"ಲಿ ಮಕಾರ ಮೆತ್ತಗಿರೋದ್ರಿಂದ ನಡುವೆ ಮುಚ್ಚಲ್ಲ, ಎರಡಕ್ಷರ ಸೇರಿ ಒಂದು ಉದ್ದ ಸ್ವರ ಆಗತ್ತೆ, ಏಳರ ಕೊನೇಲಿ ಒಂದು ತೂಗು ಬರೋದು ಅದರಿಂದಾನೇ. ಡಿಕೇ (ಗೇಟ್ ಮುಚ್ಚೋಕೆ ತಗೊಳ್ಳೋ ಹೊತ್ತು) ಪೂರ್ತಿ ಕಮ್ಮಿ ಮಾಡಿದ್ರೆ ಪಟ್ ಪಟ್ ಅನ್ನತ್ತೆ, ಒಂಚೂರು ಏರಿಸಿ. ಮಿಕ್ಸರಲ್ಲಿ ಮೈಕಿನ ಈಕ್ಯೂ (ದನಿಯ ದಪ್ಪ-ತೆಳು ಹೊಂದಿಸೋದು) ಏನು ಮಾಡ್ತೀನಿ ಅನ್ನೋದು ಮಾತ್ರ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ.

ರಿವರ್ಬ್ (ದೊಡ್ಡ ಹಾಲಲ್ಲಿ ಗುಂಯ್ ಅಂದಂಗೆ ಮಾಡೋ ಎಫೆಕ್ಟ್) ಲೂಪರಿಗಿಂತ ಮುಂಚೆ ಇರ್ಲಿ, ಗೇಟ್ ಆದ್ಮೇಲೆ ಹಾಕಿದ್ರೆ ಕತ್ತರಿಸಿದ್ದೆಲ್ಲಾ ಮತ್ತೆ ಕಲಸಿಹೋಗತ್ತೆ. ಗೇಟ್ ಆದ್ಮೇಲೆ ಡಿಲೇ (ಒಂದಿಷ್ಟು ಹೊತ್ತು ಬಿಟ್ಟು ದನಿನ ಮತ್ತೆ ಕೇಳಿಸೋದು) ಮಾತ್ರ. ನಾನು ಅಕ್ಷರಕ್ಕೆ ಸುಮಾರು 200 ಮಿಲಿಸೆಕೆಂಡ್ ಹಿಡೀತೀನಿ, ಡಿಲೇ 600, ಅಂದ್ರೆ ಒಂದು "ತಕಿಟ". ಲೂಪ್ ಇಪ್ಪತ್ತು ಸೆಕೆಂಡೋ ಇಪ್ಪತ್ಮೂರೋ, ತಾಳಕ್ಕೆ ಕೂರ್ಲೇಬೇಕು ಅಂತಿಲ್ಲ, ಪ್ರತೀ ಆವರ್ತಕ್ಕೂ ಬೇರೆ ಜಾಗ ತೆರ್ಕೊಳತ್ತೆ.

ಫೋನಿಂದ ಚೆಂಡೆ ರೆಕಾರ್ಡಿಂಗ್ ಕೊಟ್ಟೂ ನೋಡಿದೆ, ಉರುಳಿಕೆ ಎಷ್ಟು ಒತ್ತು ಅಂದ್ರೆ ಗೇಟ್ ಮುಚ್ಚೋಕೆ ಪುರುಸೊತ್ತೇ ಇಲ್ಲ. ಘಟ ಪರವಾಗಿಲ್ಲ, ಏಟು ಬೇಗ ಸಾಯತ್ತೆ. ಕುಕ್ಕರ್ ವಿಷಲ್ಲೂ ಟ್ರೈ ಮಾಡಿದೆ, ಬಿಡಿ.

ಪವರ್‌ಗೆ ಒಂದೇ ಅಡಾಪ್ಟರಿಂದ ಎಲ್ಲಾ ಪೆಡಲ್ಲಿಗೂ ಸರಮಾಲೆ ಕೊಟ್ರೆ ಲೂಪರ್ ಕುಯ್ಯ್ ಅನ್ನತ್ತೆ, ಆ ಕುಯ್ಯ್ ಕೂಡಾ ತಾಳಕ್ಕೆ ಸರಿಯಾಗಿ ಬರತ್ತೆ, ಇನ್ನೂ ಅಸಹ್ಯ. ಪ್ರತೀ ಪೆಡಲ್ಲಿಗೂ ಬೇರೆ ಬೇರೆ ಪವರ್ ಕೊಡೋ ಐಸೊಲೇಟೆಡ್ ಸಪ್ಲೈಗೆ ಆರು ಸಾವಿರ ಹೋಯ್ತು, ಪೆಡಲ್ಲಿಗಿಂತ ಜಾಸ್ತಿ. ಈಗ ಗೆಳೆಯ ಪಕ್ಕದಲ್ಲಿ ಕೂತು ಸೊಲ್ಲು ಹೇಳ್ತಾನೆ, ನಾನು ಗಿಟಾರ್ ಹಿಡ್ಕೋತೀನಿ, ಮುಂದಿನದು ಐದೆಣಿಕೆಯ ಖಂಡಛಾಪು.